ಅರ್ಧ ರಸ್ತೆಯ ಅಪರಾಧ

ನಮ್ಮೂರು ಟ್ವಿನ್ ಗ್ಯಾಪಿನ ದೊಡ್ಡ ಬೀದಿಯ ನಟ್ಟನಡುವೆ ಒಂದು ಹಳದಿ ಗೆರೆಯಿದೆ. ಗೆರೆಯ ದಕ್ಷಿಣಕ್ಕೆ ಟೆನ್ನೆಸಿ ರಾಜ್ಯ, ಉತ್ತರಕ್ಕೆ ವರ್ಜೀನಿಯಾ. ನನ್ನ ಹಾರ್ಡ್‌ವೇರ್ ಅಂಗಡಿ ದಕ್ಷಿಣದ ಮೂಲೆಯಲ್ಲಿದೆ. ಬಾಗಿಲಲ್ಲಿ ನಿಂತು ಜೋರಾಗಿ ಸೀನಿದರೆ ಅದು ಇನ್ನೊಂದು ರಾಜ್ಯದ ಆರೋಗ್ಯ ಇಲಾಖೆಗೆ ಸೇರುತ್ತದೆ. ಈ ಗೆರೆಯನ್ನು ನಾವ್ಯಾರೂ ಬಹಳ ಕಾಲ ತಲೆಗೆ ಹಚ್ಚಿಕೊಂಡಿರಲಿಲ್ಲ. ಯಾವ ಕಡೆ ಸಿಗರೇಟು ಅಗ್ಗವೋ ಆ ಕಡೆ ಹೋಗಿ ಕೊಳ್ಳುವುದು, ಯಾವ ಕಡೆಯ ಪೊಲೀಸನಿಗೆ ನಮ್ಮ ಮೇಲೆ ಸಿಟ್ಟಿದೆಯೋ ಆ ಕಡೆ ಗಾಡಿ ನಿಲ್ಲಿಸದಿರುವುದು, ಇಷ್ಟಕ್ಕೆ ಅದರ ಉಪಯೋಗ ಮುಗಿಯುತ್ತಿತ್ತು.

ಈ ಬೀದಿಯನ್ನು ಜನರಿಗೆ ದಾಟಿಸುವ ಕೆಲಸ ಓಲೀಟಾ ಮಲಿನ್ಸಳದು. ಶಾಲೆ ನಮ್ಮ ಕಡೆ, ಗ್ರಂಥಾಲಯ ಆ ಕಡೆ. ಶಾಲೆ ಬಿಟ್ಟ ಮೇಲೆ ಅಪ್ಪ ಅಮ್ಮ ಕೆಲಸದಿಂದ ಬರುವ ತನಕ ಮಕ್ಕಳು ಗ್ರಂಥಾಲಯದಲ್ಲಿರಬೇಕು. ನಡುವೆ ಕಲ್ಲಿದ್ದಲ ಲಾರಿಗಳು ಗುಡ್ಡ ಇಳಿದ ರಭಸದಲ್ಲೇ ಬರುತ್ತವೆ. ಹಾಗಾಗಿ ನಮ್ಮ ಕಡೆಯ ಕೌಂಟಿಯವರು, ಅಂದರೆ ಜಿಲ್ಲಾಡಳಿತದವರು, ಅವಳ ಕೈಗೆ 'ನಿಲ್ಲಿ' ಎಂಬ ಫಲಕ ಕೊಟ್ಟು ನಿಲ್ಲಿಸಿದ್ದರು. ಮಕ್ಕಳಿಲ್ಲದ ಹೊತ್ತಿನಲ್ಲಿ ಮುದುಕರನ್ನು ದಾಟಿಸುತ್ತಿದ್ದಳು. ಮುದುಕರೂ ಇಲ್ಲದಿದ್ದರೆ ನನ್ನ ಅಂಗಡಿಯೆದುರಿನ ಬೆಂಚಿನಲ್ಲಿ ಕೂತು, ನಾನು ಗಿರಾಕಿಗಳಿಗೆ ತಪ್ಪು ಅಳತೆಯ ಮೊಳೆ ಕೊಡುತ್ತಿದ್ದೇನೆಂದು ನನ್ನನ್ನು ಬಯ್ಯುತ್ತಿದ್ದಳು.

ಎತ್ತರದ, ಎಲುಬು ಕಾಣುವ ಹೆಂಗಸು. ಅವಳ ಗಂಡ ಎಸ್ಟಿಲ್, ಕಲ್ಲಿದ್ದಲ ಗಣಿಯ ಧೂಳು ಕುಡಿದು ಕುಡಿದು ಉಸಿರುಕಟ್ಟಿ ಸತ್ತಿದ್ದ. ಅವಳು ಸೀಟಿ ಊದುತ್ತಿರಲಿಲ್ಲ. ಕೌಂಟಿಯವರು ಕೊಟ್ಟ ಸೀಟಿಯನ್ನು, "ಇದು ನಾಯಿಗೆ ಊದೋದು, ಮನುಷ್ಯರಿಗಲ್ಲ," ಎಂದು ಹಿಂದಕ್ಕೆ ಕೊಟ್ಟಿದ್ದಳು. ಲಾರಿಗೆ ಅಡ್ಡ ನಿಂತು ಡ್ರೈವರನ ಮುಖ ನೋಡುತ್ತಿದ್ದಳು, ಅಷ್ಟೇ. ಅವನು ಸ್ವಲ್ಪ ಜೋರು ಮಾಡಿದರೆ, "ನಿಮ್ಮಮ್ಮನ್ನ ಭಾನುವಾರ ಚರ್ಚಲ್ಲಿ ನೋಡ್ತೀನಿ ಕಣೋ," ಎನ್ನುತ್ತಿದ್ದಳು. ಇಡೀ ಬೆಟ್ಟದಲ್ಲಿ ಈ ಮಾತಿಗೆ ಬ್ರೇಕು ಒತ್ತದ ಡ್ರೈವರ್ ಇರಲಿಲ್ಲ.

ನಮ್ಮ ಕಡೆ ಒಂದು ಹೆಣ್ಣುಮಕ್ಕಳ ಕ್ಲಿನಿಕ್ ಇತ್ತು. ಟೆನ್ನೆಸಿಯಲ್ಲಿ ಗರ್ಭಪಾತಕ್ಕೆ ನಿಷೇಧ ಬಂದಾಗ ಅದು ಮುಚ್ಚಿತು. ಊರಿನ ಅರ್ಧ ಜನ ದೇವರಿಗೆ ಸ್ತೋತ್ರ ಹೇಳಿದರು. ಚಳಿಗಾಲ ಕಳೆಯುವುದರೊಳಗೆ ಅದೇ ಕ್ಲಿನಿಕ್ಕು ಅದೇ ಬೀದಿಯ ಆ ಬದಿಯಲ್ಲಿ, ಹಳೆಯ ಜಮಖಾನೆ ಅಂಗಡಿಯಲ್ಲಿ ತೆರೆಯಿತು. ಅಲ್ಲಿ ವರ್ಜೀನಿಯಾದ ಕಾನೂನು, ಅದಕ್ಕೆ ಅಡ್ಡಿಯಿಲ್ಲ. ಊರಿಗೇ ಊರು ನಡುಗಿಸಿದ ಮಹಾ ಚರ್ಚೆ ಕ್ಲಿನಿಕ್ಕನ್ನು ಸುಮಾರು ಒಂದು ಬೀದಿಯ ಅಗಲದಷ್ಟು ದೂರ ಸರಿಸಿತ್ತು. ಮುಚ್ಚುವಾಗ ಅವರು ನನ್ನಲ್ಲಿ ಬೀಗ ಕೊಂಡರು, ತೆರೆಯುವಾಗ ಬಾಗಿಲ ಚಿಲಕ ಕೊಂಡರು.

ಅವರ ಹಿಂದೆಯೇ ಬ್ರದರ್ ಹಾಲಿಸ್ ಕೆಗ್ಲಿಯೂ ಬಂದು ಮಡಚುವ ಕುರ್ಚಿಗಳನ್ನು ಕೊಂಡ. ಹಾಲಿಸ್ ವಾರದ ದಿನಗಳಲ್ಲಿ ಗಾಡಿಗಳ ಸೀಟಿನ ಹೊದಿಕೆ ಮಾರುತ್ತಿದ್ದ, ಭಾನುವಾರ ನಮ್ಮ ಪಾಪ್ಲರ್ ಫೋರ್ಕ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬೋಧಿಸುತ್ತಿದ್ದ. ಕ್ಲಿನಿಕ್ ನಮ್ಮ ಕಡೆ ಇದ್ದಾಗ ತನ್ನ ಪ್ರಾರ್ಥನಾ ಗುಂಪಿನೊಂದಿಗೆ ಅದರೆದುರು ಬೋರ್ಡು ಹಿಡಿದು ಕೂರುತ್ತಿದ್ದ. ಈಗ ದಿನಾ ಬೀದಿ ದಾಟಬೇಕಾಯಿತು. ಕುರ್ಚಿ, ಕಾಫಿಯ ಫ್ಲಾಸ್ಕು, ಕೈಮೈಕು ಹೊತ್ತ ಗುಂಪನ್ನು ಓಲೀಟಾ ಫಲಕ ಎತ್ತಿ ದಾಟಿಸುತ್ತಿದ್ದಳು. ತಿರುಗಿ ಬಂದು ಕ್ಲಿನಿಕ್ಕಿಗೆ ಹೋಗುವ ಹುಡುಗಿಯನ್ನು ದಾಟಿಸುತ್ತಿದ್ದಳು.

"ಅಕ್ಕ, ನೀನು ಯಾರ ಕಡೆ ಅಂತ ಒಂದು ತೀರ್ಮಾನ ಮಾಡ್ಕೋಬೇಕು," ಎಂದು ಹಾಲಿಸ್ ಒಮ್ಮೆ ಹೇಳಿದ.

"ನಾನು ರಸ್ತೆ ನಡುವೆ ಇರೋಳು ಕಣಪ್ಪ. ನೀನು ಕುರ್ಚಿ ನೆಟ್ಟಗೆ ಹಿಡ್ಕೋ, ಅದರ ಕಾಲು ನಂಗೆ ಚುಚ್ತಿದೆ."

ಆ ಹುಡುಗಿಯರ ಬಗ್ಗೆ ನಿನಗೇನನ್ನಿಸುತ್ತದೆ ಎಂದು ನಾನೂ ಕೇಳಿದ್ದೆ. "ಏನೋ ಅನ್ಸುತ್ತೆ," ಎಂದಳು. "ಆದ್ರೆ ನಂಗೇನನ್ಸುತ್ತೆ ಅಂತ ಕೇಳೋಕೆ ಅವರು ಇಷ್ಟು ದೂರ ಬಂದಿರಲ್ವಲ್ಲ."

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ನಮ್ಮ ಕೌಂಟಿ ಮಂಡಳಿಯ ಅಧ್ಯಕ್ಷ ಕ್ಲೈಡ್ ವಾಂಪ್ಲರನಿಗೆ ಚುನಾವಣೆ ಹತ್ತಿರ ಬಂದಿತ್ತು. ಕ್ಲೈಡ್ ಟ್ರ್ಯಾಕ್ಟರ್ ಮಾರುವವನು. ಅವನ ಹೊಟ್ಟೆ ಅವನಿಗಿಂತ ಮೊದಲು ಸಭೆಗೆ ಬರುತ್ತದೆ. ರಾಜ್ಯ ನಿಷೇಧಿಸಿದ್ದನ್ನು ಬೀದಿಯಾಚೆ ಹೋಗಿ ಮಾಡಿಸಿಕೊಂಡರೆ ನಿಷೇಧಕ್ಕೆ ಮರ್ಯಾದೆ ಎಲ್ಲುಳಿಯಿತು ಎಂದು ಅವನಿಗೆ ಅನ್ನಿಸಿತು. ಬೇರೆಲ್ಲೋ ಯಾರೋ ಮಾಡಿದ್ದನ್ನು ಕೇಳಿ, ಒಂದು ಕಟ್ಟಳೆ ತಂದ: ಈ ಕೆಲಸಕ್ಕಾಗಿ ಹೊರಡುವ ಹೆಂಗಸಿಗೆ ಕೌಂಟಿಯ ರಸ್ತೆಯಲ್ಲಿ ಯಾರೂ ನೆರವಾಗಕೂಡದು. ನೆರವಾದವರ ಮೇಲೆ ಮೊಕದ್ದಮೆ, ಶಿಕ್ಷೆ. ಕೌಂಟಿಯ ನೌಕರರಾದರೆ ಕೆಲಸವೂ ಹೋಗುತ್ತದೆ.

ಸಭೆಗೆ ನಾನೂ ಹೋಗಿದ್ದೆ. ಮಂಡಳಿಯಲ್ಲಿ ಇರುವವರೆಲ್ಲ ಗಂಡಸರು. ಬಸಿರಿನ ವಿಷಯವಾದ್ದರಿಂದ ಎಲ್ಲರೂ ಕೋಟು ಹಾಕಿಕೊಂಡು ಬಂದಿದ್ದರು.

"ನೆರವು ಅಂದ್ರೆ ಏನು?" ಎಂದು ಒಬ್ಬ ಸದಸ್ಯ ಕೇಳಿದ. "ನಾನು ಪೆಟ್ರೋಲ್ ಬಂಕ್ ಇಟ್ಟಿದ್ದೀನಿ. ಪೆಟ್ರೋಲ್ ಹಾಕಿದ್ರೆ ನೆರವಾ?"

"ಅವಳು ಬಸುರಿ ಅಂತ ಗೊತ್ತಿದ್ರೆ ಮಾತ್ರ," ಎಂದ ಕೌಂಟಿಯ ಎಳೆಯ ವಕೀಲ.

"ಹೆಂಗೆ ಗೊತ್ತಾಗುತ್ತೆ?"

"ನೋಡಿದ್ರೆ ಗೊತ್ತಾಗಲ್ವೇನ್ರೀ," ಎಂದ ಕ್ಲೈಡ್.

ಹಿಂದಿನ ಸಾಲಿನಿಂದ ಯಾರೋ, "ನಿಮ್ಮನ್ನ ನೋಡಿದ್ರೂ ಹಂಗೇ ಅನ್ಸುತ್ತೆ ಕ್ಲೈಡಣ್ಣ, ಎಷ್ಟು ತಿಂಗಳು?" ಎಂದರು. ಸಭೆ ಸುಮ್ಮನಾಗಲು ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಕಟ್ಟಳೆ ಪಾಸಾಗಿತ್ತು. ಆಗ ಓಲೀಟಾ ಎದ್ದು ನಿಂತಳು.

"ನಾನು ಕೌಂಟಿ ನೌಕರಳು. ರಸ್ತೆ ದಾಟಿಸೋದೇ ನನ್ನ ಕೆಲಸ. ಈಗ ನಾನೇನು ಮಾಡ್ಲಿ?"

ಮಂಡಳಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರೆಲ್ಲರ ಮಕ್ಕಳನ್ನೂ ಅವಳು ದಾಟಿಸಿದ್ದಳು, ಇಬ್ಬರು ಸದಸ್ಯರನ್ನಂತೂ ಅವರೇ ಮಕ್ಕಳಾಗಿದ್ದಾಗ ದಾಟಿಸಿದ್ದಳು. ವಕೀಲ ಗಂಟಲು ಸರಿಮಾಡಿಕೊಂಡು, "ದಾಟೋ ಹೆಂಗಸರನ್ನ ಬಸುರಿಯಾ ಅಂತ ಕೇಳಿ, ಯಾಕೆ ದಾಟ್ತಿದ್ದೀರ ಅಂತನೂ ಕೇಳಿ," ಎಂದ.

"ಎಲ್ಲರನ್ನೂನಾ?"

"ಹೆಂಗಸರನ್ನೆಲ್ಲ," ಎಂದ ಕ್ಲೈಡ್, ಊಟದ ಹೊತ್ತಾಗಿದ್ದರಿಂದ.

ಓಲೀಟಾ ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುವವಳು. ಇದನ್ನು ಅಣಕವೆಂದು ಆಮೇಲೆ ಕೆಲವರು ಅಂದರು. ನಾನು ದಿನವಿಡೀ ನೋಡಿದವನು, ಅದರಲ್ಲಿ ಅಣಕವಿರಲಿಲ್ಲ. ಅವಳು ಮಾರನೆಯ ಬೆಳಗ್ಗೆಯಿಂದ ಎಲ್ಲ ಹೆಂಗಸರನ್ನೂ ನಿಲ್ಲಿಸಿ ಕೇಳತೊಡಗಿದಳು. ಲಾರಿಗಳ ಗದ್ದಲದಲ್ಲಿ ಗಟ್ಟಿಯಾಗಿ ಕೇಳಬೇಕಾಗುತ್ತಿತ್ತು, ಗಟ್ಟಿಯಾಗಿಯೇ ಉತ್ತರ ಹೇಳಬೇಕಾಗುತ್ತಿತ್ತು. ನಿಂತ ಲಾರಿಗಳ ಡ್ರೈವರುಗಳು ಕಿಟಕಿ ಇಳಿಸಿಕೊಂಡು ಕೇಳುತ್ತಿದ್ದರು.

ಮೊದಲು ಸಿಕ್ಕವಳು ಅಧ್ಯಕ್ಷನ ಹೆಂಡತಿ ಇಮೋಜೀನ್.

"ಇಮೋಜೀನ್, ನೀನು ಬಸುರಿಯಾ?"

"ಹುಚ್ಚೇನೇ ನಿಂಗೆ? ನಂಗೆ ಅರವತ್ತಾಗ್ತಾ ಬಂತು."

"ಬೈಬಲ್ಲಲ್ಲಿ ಸಾರಾ ಹೆತ್ತಾಗ ಅವಳಿಗೆ ತೊಂಬತ್ತಾಗಿತ್ತು. ಯಾಕೆ ದಾಟ್ತಿದ್ದೀಯ?"

ಇಮೋಜೀನ್ ಅತ್ತಿತ್ತ ನೋಡಿದಳು. "ಸ್ವಲ್ಪ ವೈನ್ ತರೋಕೆ. ಕೇಕಿಗೆ."

"ಸೋಮವಾರನೂ ತಂದಿದ್ಯಲ್ಲ. ವಾರಕ್ಕೆ ಎಷ್ಟು ಕೇಕ್ ಮಾಡ್ತೀಯೇ?"

ಕುಡಿತದ ವಿರುದ್ಧ ಚರ್ಚಿನಲ್ಲಿ ಪ್ರತಿಜ್ಞೆ ಓದಿಸುವವಳು ಇಮೋಜೀನ್. ಮಧ್ಯಾಹ್ನದೊಳಗೆ ಕೇಕಿನ ಸುದ್ದಿ ಎರಡೂ ರಾಜ್ಯಗಳಲ್ಲಿ ಹರಡಿತು.

ಆ ವಾರ ನಮ್ಮೂರಿನ ಹೆಂಗಸರ ಜೀವನ ಬೀದಿಗೆ ಬಂತು, ನಿಜವಾಗಿಯೂ ಬೀದಿಗೆ. ಒಬ್ಬಳು ಹಲ್ಲಿನ ಸೆಟ್ಟು ಮಾಡಿಸಲು ದಾಟುತ್ತಿದ್ದಳು, ಗಂಡನಿಗೆ ಅದು ಹುಟ್ಟುಹಲ್ಲೆಂದು ನಂಬಿಸಿದ್ದಳು. ಇನ್ನೊಬ್ಬಳು ಬೇರೆ ಚರ್ಚಿನ ಹಾಡುಗಾರರ ಗುಂಪಿಗೆ ಕದ್ದು ಸೇರಿದ್ದಳು. ಹಾಲಿಸನ ಪ್ರಾರ್ಥನಾ ಗುಂಪಿನ ಹೆಂಗಸರನ್ನೂ ಓಲೀಟಾ ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಕೇಳಿದಳು. ಅವರಿಗೆ ವಿಪರೀತ ಅವಮಾನವಾಯಿತು.

"ನಾವು ಆ ಥರದೋರಲ್ಲ ಅಂತ ನಿಂಗೊತ್ತಿಲ್ವಾ?"

"ಯಾವ ಥರದೋರು ಅಂತ ಕಟ್ಟಳೇಲಿ ಬರ್ದಿಲ್ಲ ಕಣಮ್ಮ. ಹೆಂಗಸರು ಅಂತಿದೆ."

ಕ್ಲಿನಿಕ್ಕಿಗೆ ಹೋಗುವ ಹುಡುಗಿಯರು ಮಾತ್ರ ಬೇಗ ಕಲಿತರು. ಯಾಕೆ ದಾಟುತ್ತಿದ್ದೀಯ ಎಂದರೆ, "ಗ್ರಂಥಾಲಯಕ್ಕೆ," ಎನ್ನುತ್ತಿದ್ದರು. "ಓದ್ಕೊಳಮ್ಮ, ಒಳ್ಳೇದು," ಎಂದು ಓಲೀಟಾ ದಾಟಿಸುತ್ತಿದ್ದಳು. ಅವರು ಸುಳ್ಳು ಹೇಳುತ್ತಿದ್ದಾರೆಂದು ನಾನು ಹೇಳಿದಾಗ ಅವಳು ನನ್ನನ್ನೇ ಗದರಿದಳು. "ಕೇಳು ಅಂದ್ರು, ಕೇಳ್ದೆ. ಸುಳ್ಳು ಹೇಳಿದ್ರೆ ಅದು ಅವರಿಗೂ ದೇವರಿಗೂ ಇರೋ ಮಾತು. ನಂಗ್ಯಾಕೆ?"

ಕ್ಲೈಡನಿಗೆ ಮನೆಯಲ್ಲಿ ಊಟ ಸರಿಯಾಗಿ ಸಿಗುತ್ತಿಲ್ಲವೆಂದು ಜನ ಹೇಳಿದರು. ಕೇಳುವುದನ್ನು ನಿಲ್ಲಿಸು ಎನ್ನುವಂತಿಲ್ಲ, ಕಟ್ಟಳೆ ಅವನದೇ. ಅವನು ಡ್ವೈಟ್ ಸ್ಟರ್ಜಿಲ್ ಎಂಬ ಪೊಲೀಸನನ್ನು ಮೂಲೆಯಲ್ಲಿ ನಿಲ್ಲಿಸಿದ. ಡ್ವೈಟ್ ಬರುವ ಗಾಡಿಗಳನ್ನು ನೋಡಬೇಕು, ಓಲೀಟಾ ನಡೆಯುವವರನ್ನು ಕೇಳಬೇಕು. ಡ್ವೈಟ್ ಒಳ್ಳೆಯವನು, ಸೋಮಾರಿ. ಎರಡೂ ಗುಣ ಒಟ್ಟಿಗಿದ್ದುದರಿಂದ ಆ ಮೂಲೆಯಲ್ಲಿ ಬಹಳ ದಿನ ಏನೂ ಆಗಲಿಲ್ಲ.

ಆದದ್ದು ಅಕ್ಟೋಬರಿನ ಒಂದು ಮಧ್ಯಾಹ್ನ. ಲೇಸಿ ಹನಿಕಟ್ ನಮ್ಮ ಶಾಲೆಯಲ್ಲಿ ಎರಡನೆಯ ತರಗತಿಗೆ ಪಾಠ ಹೇಳುವವಳು. ಅವಳ ಗಂಡ ವೇಡ್ ಕೌಂಟಿಯ ರಸ್ತೆ ಇಲಾಖೆಯಲ್ಲಿ ಡಾಂಬರು ಹಾಕುವವನು. ಮದುವೆಯಾಗಿ ಬಹಳ ವರ್ಷ ಮಕ್ಕಳಾಗದೆ, ಕೊನೆಗೆ ಆ ಬೇಸಿಗೆಯಲ್ಲಿ ಬಸಿರು ನಿಂತಿತ್ತು. ಚರ್ಚಿನಲ್ಲಿ ಹಾಲಿಸ್ ಅವರಿಬ್ಬರ ಹೆಸರು ಹೇಳಿ ಪ್ರಾರ್ಥನೆ ಮಾಡಿದ್ದ, ನಾವೆಲ್ಲ ಆಮೆನ್ ಎಂದಿದ್ದೆವು. ಆ ಮಧ್ಯಾಹ್ನ ಅವರ ಗಾಡಿ ನನ್ನ ಅಂಗಡಿಯ ಮುಂದೆ ನಿಂತಾಗ ಮಗುವಿನ ಕೋಣೆಗೆ ಬಣ್ಣ ಕೊಳ್ಳಲು ಬಂದರೆಂದೇ ನಾನು ಎದ್ದೆ.

ಲೇಸಿ ಒಬ್ಬಳೇ ಇಳಿದಳು. ಮುಖ ಬಿಳಿಚಿಕೊಂಡಿತ್ತು. ವೇಡ್ ಕಿಟಕಿಯಿಂದ, "ನಾನೇ ಆ ಕಡೆ ಓಡಿಸ್ತೀನಿ, ಹತ್ತೇ. ಏನಾಗುತ್ತೋ ಆಗ್ಲಿ," ಎನ್ನುತ್ತಿದ್ದ.

"ನಿನ್ನ ಕೆಲಸ ಹೋದ್ರೆ ಇನ್ಶೂರೆನ್ಸೂ ಹೋಗುತ್ತೆ. ಆಮೇಲೆ ಆಸ್ಪತ್ರೆಗೆ ಏನ್ ಕೊಡ್ತೀಯ, ಡಾಂಬರಾ? ಇಷ್ಟು ದೂರ ನಾನು ನಡೀತೀನಿ," ಎಂದಳು ಲೇಸಿ.

ಗೋಡೆ ಹಿಡಿದುಕೊಂಡು ಮೂಲೆಗೆ ಹೋದಳು. ಓಲೀಟಾ ಅವಳನ್ನು ಆರು ವರ್ಷದವಳಾಗಿದ್ದಾಗಿನಿಂದ ದಾಟಿಸಿದವಳು. ಆದರೂ ಕೇಳಬೇಕಾದ್ದನ್ನು ಕೇಳಿದಳು.

"ಯಾಕಮ್ಮ ದಾಟ್ತಿದ್ದೀಯ?"

ಲೇಸಿ ಗ್ರಂಥಾಲಯ ಎನ್ನಲಿಲ್ಲ. "ನಿನ್ನೆ ಗರ್ಭದ ನೀರು ಹೋಗ್ಬಿಡ್ತು ಅಕ್ಕ. ಇನ್ನೂ ಐದು ತಿಂಗಳೂ ಆಗಿಲ್ಲ. ಮಗು ಉಳಿಯಲ್ಲ ಅಂತ ಆಸ್ಪತ್ರೇಲೇ ಹೇಳಿದ್ರು. ಆದ್ರೆ ಅದರ ಎದೆ ಬಡೀತಿದೆಯಂತೆ, ನಂಗಿನ್ನೂ ಜ್ವರ ಬಂದಿಲ್ವಂತೆ. ತಾಯಿ ಜೀವಕ್ಕೆ ಅಪಾಯ ಅಂತಾದ್ರೆ ಮಾತ್ರ ಕಾನೂನು ಬಿಡುತ್ತಂತೆ, ಮನೆಗೋಗಿ ಜ್ವರ ಬಂದ್ಮೇಲೆ ಬನ್ನಿ ಅಂದ್ರು. ಡಾಕ್ಟರ್ ಅಳ್ತಾನೇ ಹೇಳಿದ್ರು. ವಕೀಲರನ್ನ ಕೇಳ್ಬೇಕಂತೆ, ಅವರು ಫೋನ್ ಎತ್ತುತ್ತಿಲ್ವಂತೆ. ಆ ಕಡೆ ಕಾಲಿಟ್ರೆ ಆಂಬುಲೆನ್ಸ್ ಕರೆಸ್ತೀವಿ ಅಂತ ಕ್ಲಿನಿಕ್ಕಿನೋರು ಹೇಳಿದಾರೆ."

"ಈಗ ಜ್ವರ ಇದೆಯಾ?"

"ಚಳಿ ಆಗ್ತಿದೆ."

ಓಲೀಟಾ ಅವಳ ಹಣೆ ಮುಟ್ಟಿ ನೋಡಿದಳು. ಫಲಕ ಎತ್ತಿದಳು. ಇನ್ನೊಂದು ಕೈಯಿಂದ ಲೇಸಿಯ ತೋಳು ಹಿಡಿದು ರಸ್ತೆಗಿಳಿದಳು.

ಆಚೆ ಬದಿಯಲ್ಲಿ ಹಾಲಿಸ್ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ. ಬರುವವಳು ಯಾರೆಂದು ಕಾಣದೆ, ದಿನವೂ ಎಲ್ಲರಿಗೂ ಹೇಳುವುದನ್ನು ಕೈಮೈಕಿನಲ್ಲಿ ಹೇಳಿದ: "ತಾಯಿ, ಹಿಂದಕ್ಕೆ ಹೋಗು. ನಿನ್ನ ಮಗೂದು ಎದೆ ಬಡೀತಿದೆ."

ಆ ಮಾತು ಲೇಸಿಗೆ ಕೇಳಿಸಿತು. ಹಳದಿ ಗೆರೆಗೆ ಇನ್ನೂ ನಾಲ್ಕಾರು ಹೆಜ್ಜೆ ಇದ್ದಂತೆ ಕುಸಿದಳು. ಓಲೀಟಾ ಫಲಕ ಬಿಸಾಡಿ ಅವಳನ್ನು ಅಪ್ಪಿ ಹಿಡಿದಳು. ಗುಡ್ಡದಿಂದ ಲಾರಿಯೊಂದು ಇಳಿಯುತ್ತಿತ್ತು. ಡ್ವೈಟ್ ಸ್ಟರ್ಜಿಲ್ ಮೂಲೆಯಿಂದ ಓಡಿಬಂದು ಎರಡೂ ಕೈ ಎತ್ತಿ ಲಾರಿಗೆ ಅಡ್ಡ ನಿಂತ, ಅವನು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ವೇಡ್ ಗಾಡಿಯ ಬಾಗಿಲು ತೆರೆದಿಟ್ಟೇ ಬಂದ. ಆಗ ಹಾಲಿಸನಿಗೆ ಮುಖ ಕಂಡಿತು.

ಅವನ ಕೈಮೈಕು ಕೆಳಗಿಳಿಯಿತು. ಅವನು ಕೂತಿದ್ದ ಕುರ್ಚಿಯನ್ನೇ ಎತ್ತಿಕೊಂಡು ಗೆರೆ ದಾಟಿ ನಮ್ಮ ಕಡೆಗೆ ಬಂದ. "ಇದರ ಮೇಲೆ ಕೂರ್ಸಿ, ಇದರ ಮೇಲೆ ಕೂರ್ಸಿ," ಎಂದ. ಅವನೂ ವೇಡನೂ ಕುರ್ಚಿಯ ಕಾಲು ಹಿಡಿದು ಎತ್ತಿದರು. ಓಲೀಟಾ ಹಿಂದಿನಿಂದ ಲೇಸಿಯ ಬೆನ್ನು ಆತುಕೊಂಡಳು. ಹಾಗೇ ಹೊತ್ತುಕೊಂಡು ಕ್ಲಿನಿಕ್ಕಿನ ಬಾಗಿಲಿಗೆ ಹೋದರು. ಪ್ರಾರ್ಥನಾ ಗುಂಪಿನವರು ಬೋರ್ಡುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡು ದಾರಿ ಬಿಟ್ಟರು. ಆ ಬಾಗಿಲನ್ನು ಹಾಲಿಸ್ ತನ್ನ ಕೈಯಿಂದಲೇ ತೆರೆದ. ಚಿಲಕ ನನ್ನ ಅಂಗಡಿಯದಾದ್ದರಿಂದ ಸಲೀಸಾಗಿ ತೆರೆಯಿತು.

ವರ್ಜೀನಿಯಾದ ಆಂಬುಲೆನ್ಸು ಬಂದು ಅವಳನ್ನು ಆ ಕಡೆಯ ದೊಡ್ಡಾಸ್ಪತ್ರೆಗೆ ಕೊಂಡೊಯ್ದಿತು. ಮಾಡಬೇಕಾದ್ದನ್ನು ಅಲ್ಲಿ ಸಂಜೆಯೊಳಗೆ ಮಾಡಿದರು. ಸೋಂಕು ರಕ್ತಕ್ಕೆ ಇಳಿಯತೊಡಗಿತ್ತಂತೆ, ಇನ್ನು ಒಂದು ದಿನ ತಡವಾಗಿದ್ದರೆ ಕಷ್ಟವಿತ್ತಂತೆ. ಲೇಸಿ ಉಳಿದಳು. ಮಗುವನ್ನು ಒಂದು ಸಣ್ಣ ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟರಂತೆ. ಅದರ ಬಗ್ಗೆ ಅವಳು ನಮಗ್ಯಾರಿಗೂ ಹೆಚ್ಚು ಹೇಳಲಿಲ್ಲ.

ಮುಂದಿನ ಭಾನುವಾರ ಚರ್ಚಿನ ಮೆಟ್ಟಿಲಲ್ಲಿ ನಾನು ಹಾಲಿಸನನ್ನು ಮಾತಾಡಿಸಿದೆ. "ಲೇಸಿ ವಿಷಯ ಬೇರೆ," ಎಂದ. "ಅವಳಿಗೆ ಮಗು ಬೇಕಾಗಿತ್ತು."

"ಕಟ್ಟಳೇಲಿ ಬೇರೆ ಅಂತ ಇಲ್ವಲ್ಲ."

"ಕಟ್ಟಳೆ ಬರೆಯೋವಾಗ ಯಾರಿಗೂ ಲೇಸಿ ನೆನಪಿಗೆ ಬರ್ಲಿಲ್ಲ ಮಾರಾಯ," ಎಂದು ಹೇಳಿ ತಲೆ ತಗ್ಗಿಸಿದ. ಸೋಮವಾರ ಮತ್ತೆ ಕುರ್ಚಿ ತೆಗೆದುಕೊಂಡು ಹೋಗಿ ಕೂತ. ಆದರೆ ಕೈಮೈಕು ಮನೆಯಲ್ಲಿ ಕೆಟ್ಟುಹೋಗಿದೆ ಎಂದು ಹೇಳುತ್ತಿದ್ದ.

ಲಾರಿ ಡ್ರೈವರ್ ಎಲ್ಲವನ್ನೂ ಫೋನಿನಲ್ಲಿ ವಿಡಿಯೊ ತೆಗೆದಿದ್ದ. ಅದು ಊರೂರು ಸುತ್ತಿತು. ಕಟ್ಟಳೆ ಇರುವುದು ನಿಜವೋ ತೋರಿಕೆಯದೋ ಎಂದು ಹೊರಗಿನವರು ಕ್ಲೈಡನನ್ನು ಕೇಳತೊಡಗಿದರು. ಬೇರೆ ದಾರಿ ಕಾಣದೆ ಕೌಂಟಿ ಓಲೀಟಾಳ ಮೇಲೆ ಮೊಕದ್ದಮೆ ಹೂಡಿತು. ಅವಳು ಹಿಡಿದು ನಡೆಸಿದ ರಸ್ತೆಯಲ್ಲಿ ಹಳದಿ ಗೆರೆಯವರೆಗಿನದು ಮಾತ್ರ ನಮ್ಮ ಕೌಂಟಿಯದು. ಹಾಗಾಗಿ ಅಪರಾಧವನ್ನು ಅರ್ಧ ರಸ್ತೆಗೆಂದು ಬರೆದರು.

ಆದರೆ ಅವಳಿಗೆ ಶಿಕ್ಷೆಯಾಗುವುದು ಯಾರಿಗೂ ಬೇಕಿರಲಿಲ್ಲ, ಕ್ಲೈಡನಿಗಂತೂ ಬೇಡವೇ ಬೇಡ. ಎಳೆಯ ವಕೀಲ ನನ್ನ ಅಂಗಡಿಯ ಬೆಂಚಿಗೇ ಬಂದು ಅವಳ ಪಕ್ಕ ಕೂತ.

"ಅಮ್ಮ, ಒಂದೇ ಮಾತು. ಅವಳು ಯಾಕೆ ಹೋಗ್ತಿದ್ಲು ಅಂತ ಗೊತ್ತಿರ್ಲಿಲ್ಲ ಅಂದ್ಬಿಡಿ. ಅಲ್ಲಿಗೆ ಮುಗೀತು."

"ಗೊತ್ತಿತ್ತಲ್ಲಪ್ಪ. ನೀನೇ ಕೇಳು ಅಂದಿದ್ದೆ, ಕೇಳಿದ್ದೆ, ಹೇಳಿದ್ಲು."

"ಲಾರಿ ಸದ್ದಿಗೆ ಸರಿಯಾಗಿ ಕೇಳಿಸ್ಲಿಲ್ಲ ಅನ್ನಿ."

"ನನ್ನ ಕಿವಿ ಚೆನ್ನಾಗಿದೆ."

ಮರುದಿನ ಹಾಲಿಸ್ ಬಂದ. ನಾಲ್ಕು ಸುತ್ತಿನ ಮಾತಿನ ನಂತರ ಅದನ್ನೇ ಹೇಳಿದ: ಗೊತ್ತಿರಲಿಲ್ಲ ಎಂದರೆ ದೇವರು ಕ್ಷಮಿಸುತ್ತಾನೆ.

ಓಲೀಟಾ ಬೆಂಚಿನಲ್ಲಿ ಅವನಿಗೆ ಜಾಗ ಬಿಟ್ಟಳು. "ಸುಳ್ಳು ಹೇಳಬಾರ್ದು ಅಂತ ಪ್ರತಿ ವಾರ ಹೇಳ್ತೀಯ. ನಾನು ಮುಂದಿನ ಸಾಲಲ್ಲಿ ಕೂತು ಕೇಳ್ತೀನಿ. ಇವತ್ತು ಸುಳ್ಳು ಹೇಳು ಅಂತ ನನ್ನ ಹತ್ರ ಬಂದಿದ್ದೀಯ. ಕಾಫಿ ಕುಡೀತೀಯಾ?"

ಅವನು ಕುಡಿದು ಹೋದ ಮೇಲೆ ಅವಳು ನನಗೆ ತನ್ನ ವಿಷಯ ಹೇಳಿದಳು. ಅಷ್ಟು ವರ್ಷ ನನ್ನ ಬೆಂಚಿನಲ್ಲಿ ಕೂತಿದ್ದರೂ ಹೇಳಿರಲಿಲ್ಲ. ಎಸ್ಟಿಲ್ ಇನ್ನೂ ಗಣಿಗೆ ಹೋಗುತ್ತಿದ್ದ ಕಾಲದಲ್ಲಿ, ಇಬ್ಬರು ಗಂಡುಮಕ್ಕಳ ನಂತರದ ಬಸಿರು ಲೇಸಿಯದರಂತೆಯೇ ಕೆಟ್ಟಿತ್ತು. "ಡಾಕ್ಟರು ನೋಡಿ ಉಳಿಯಲ್ಲ ಅಂದ್ರು. ಎಸ್ಟಿಲ್‌ನ ಹೊರಗೆ ಕಳಿಸಿ ಮಾಡ್ಬೇಕಾದ್ದು ಮಾಡಿದ್ರು. ಆ ಕೋಣೇಲಿ ನಾನು, ಅವರು, ಒಬ್ಬ ನರ್ಸು. ವಕೀಲರು ಬಂದಿದ್ರೂ ಕೂರೋಕೆ ಜಾಗ ಇರ್ಲಿಲ್ಲ. ಹೆಣ್ಣು ಮಗು ಅಂತ ಹೇಳಿದ್ರು." ಕಾಫಿ ಲೋಟ ಕೆಳಗಿಟ್ಟು, "ನಂಗೆ ಜ್ವರ ಬರ್ಲಿ ಅಂತ ಯಾರೂ ಕಾಯ್ಲಿಲ್ಲ," ಎಂದಳು.

ವಿಚಾರಣೆಯ ದಿನ ಅಂಗಡಿ ಮುಚ್ಚಿ ನಾನೂ ಹೋದೆ. ಊರೆಲ್ಲ ಬಂದಿತ್ತು. ನ್ಯಾಯಾಧೀಶರು ಮೀನು ಹಿಡಿಯಲು ಹೋಗಬೇಕಾದ ದಿನ ಕೋರ್ಟಿಗೆ ಬಂದವರ ಹಾಗೆ ಮುಖ ಮಾಡಿಕೊಂಡು ಕೂತಿದ್ದರು.

"ನೀವು ಆಕೆಗೆ ನೆರವಾದ್ರಾ?"

"ಹೌದು ಸ್ವಾಮಿ."

"ಯಾಕೆ ಹೋಗ್ತಿದ್ಲು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

ವಕೀಲ ಕಣ್ಣು ಮುಚ್ಚಿಕೊಂಡ. ನ್ಯಾಯಾಧೀಶರು ಲಾರಿ ಡ್ರೈವರ್ ತೆಗೆದ ಚಿತ್ರವನ್ನು ತರಿಸಿ ಎರಡು ಸಲ ನೋಡಿದರು.

"ಈ ಲಾರಿಗೆ ಅಡ್ಡ ನಿಂತಿರೋರು ಯಾರು?"

ಡ್ವೈಟ್ ಸ್ಟರ್ಜಿಲ್ ಟೋಪಿ ಕೈಯಲ್ಲಿ ಹಿಡಿದು ಎದ್ದ. ನ್ಯಾಯಾಧೀಶರು ಅವನ ಎದೆಯ ಬಿಲ್ಲೆಯನ್ನು ನೋಡಿದರು.

"ಆಕೆಗೆ ದಾರಿ ಮಾಡಿಕೊಟ್ರಿ ಅಂತಾಯ್ತು. ಈ ಕುರ್ಚಿ ಯಾರದು?"

ಹಾಲಿಸ್ ಏಳಲಿಲ್ಲ. ಅವನ ಹೆಂಡತಿ ಮೊಣಕೈಯಿಂದ ತಿವಿದಳು. ಎದ್ದ. "ನಂದು ಸ್ವಾಮಿ. ಆದ್ರೆ ಅದು ಬೇರೆ..."

"ಗೆರೆ ದಾಟಿ ಈ ಕಡೆ ಬಂದು, ಈ ಕಡೆಯಿಂದ ಹೊತ್ಕೊಂಡು ಹೋಗಿದ್ದೀರಿ. ಈಯಮ್ಮ ಬರೀ ತೋಳು ಹಿಡಿದಿದ್ದು. ಬೋಧಕರೇ, ಈ ಚಿತ್ರದಲ್ಲಿ ಎಲ್ಲರಿಗಿಂತ ಹೆಚ್ಚು ನೆರವಾದೋರು ನೀವು." ನ್ಯಾಯಾಧೀಶರು ವಕೀಲನ ಕಡೆ ತಿರುಗಿದರು. "ಕೇಸು ನಡೆಸ್ಬೇಕಂದ್ರೆ ಈ ಮೂವರ ಮೇಲೂ, ಆ ಹುಡುಗಿ ಗಂಡನ ಮೇಲೂ ನಡೆಸೋಣ. ಏನಂತೀರಿ?"

ವಕೀಲ ಕ್ಲೈಡನ ಕಡೆ ನೋಡಿದ. ಕ್ಲೈಡ್ ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು ಸೂರು ನೋಡುತ್ತಿದ್ದ. ಕೌಂಟಿ ಮೊಕದ್ದಮೆಯನ್ನು ಹಿಂದಕ್ಕೆ ಪಡೆಯಿತು. ನ್ಯಾಯಾಧೀಶರು ಊಟಕ್ಕಿಂತ ಮೊದಲೇ ಎದ್ದುಹೋದರು.

ಹೊರಗೆ ಜನ ಓಲೀಟಾಳ ಬೆನ್ನು ತಟ್ಟಿದರು. ಅವಳಿಗೇನೂ ಹಿಗ್ಗಿರಲಿಲ್ಲ. "ನಾನು ಮಾಡಿದ್ದು ಸರಿ ಅಂತ ಅವರು ಹೇಳ್ಲಿಲ್ವಲ್ಲ. ಹಾಲಿಸ್ ಜೈಲಿಗೆ ಹೋಗ್ಬಾರ್ದು ಅಂತ ಬಿಟ್ರು, ಅಷ್ಟೇ," ಎಂದಳು.

ಮುಂದಿನ ಸಭೆಯಲ್ಲಿ ಕೌಂಟಿ ಮಂಡಳಿ ಕಟ್ಟಳೆಯನ್ನು ತೆಗೆಯಲಿಲ್ಲ, ಓಲೀಟಾಳ ಕೆಲಸವನ್ನು ತೆಗೆಯಿತು. ಅವಳ ಜಾಗದಲ್ಲಿ ಗುಂಡಿ ಒತ್ತಿದರೆ ನಡೆಯುವ ಮನುಷ್ಯನ ಚಿತ್ರ ಬೆಳಗುವ ದೀಪದ ಕಂಬ ನೆಟ್ಟರು. ಆಧುನಿಕತೆ ಎಂದರು. ಕ್ಲೈಡ್ ಕತ್ತರಿ ಹಿಡಿದು ಉದ್ಘಾಟಿಸಿದ. ಆ ಕಂಬ ಯಾರು ಬಸುರಿ ಎಂದು ಯಾರನ್ನೂ ಕೇಳುವುದಿಲ್ಲ. ಇಮೋಜೀನಳ ಕೇಕುಗಳು ಮತ್ತೆ ಶುರುವಾದವು. ಕ್ಲೈಡ್ ಚುನಾವಣೆಯಲ್ಲಿ ಗೆದ್ದ, ಮೊದಲಿಗಿಂತ ಹೆಚ್ಚು ಅಂತರದಲ್ಲಿ.

ಓಲೀಟಾಳನ್ನು ಕ್ಲಿನಿಕ್ಕಿನವರು, ಬರುವ ಹೆಂಗಸರ ಜೊತೆ ನಡೆದು ಬರುವ ಕೆಲಸ ಮಾಡುತ್ತೀರಾ ಎಂದು ಕೇಳಿದರು. ಪ್ರಾರ್ಥನಾ ಗುಂಪಿನವರು, ನಿಮ್ಮ ಅನುಭವ ಹೇಳಲು ಬನ್ನಿ ಎಂದರು. ಇಬ್ಬರಿಗೂ ಅವಳು ಮೊಣಕಾಲು ನೋವೆಂದು ಹೇಳಿ ಶಾಲೆಯ ಅಡುಗೆಮನೆ ಸೇರಿದಳು. ಅಲ್ಲಿ ದೊಡ್ಡ ಪಾತ್ರೆಯಲ್ಲಿ ಕಾಳು ಬೇಯಿಸುತ್ತಾಳೆ, ಮೆಕ್ಕೆಜೋಳದ ಬ್ರೆಡ್ಡು ಮಾಡುತ್ತಾಳೆ, ಬಡಿಸುವಾಗ ಮಕ್ಕಳನ್ನು ಬಯ್ಯುತ್ತಾಳೆ. ಕೆಲಸ ಕಳೆದುಕೊಂಡದ್ದಕ್ಕೆ ಬೇಸರವಿದೆಯೇ ಎಂದರೆ, "ಬಿಸಿಲಿಲ್ಲ ಇಲ್ಲಿ," ಎನ್ನುತ್ತಾಳೆ. ಆದರೆ ರಜೆಯ ದಿನಗಳಲ್ಲಿ ನನ್ನ ಬೆಂಚಿಗೆ ಬಂದು ಕೂತಾಗ, ಯಾವುದಾದರೂ ಲಾರಿ ವೇಗವಾಗಿ ಇಳಿದರೆ ಅವಳ ಕೈ ತಾನಾಗಿ ಮೇಲೇಳುವುದನ್ನು ನೋಡಿದ್ದೇನೆ.

ವಸಂತಕಾಲದಲ್ಲಿ ಲೇಸಿಯೂ ವೇಡನೂ ಮನೆ ಬದಲಿಸಿದರು. ಇನ್ನೊಮ್ಮೆ ಪ್ರಯತ್ನಿಸಬೇಕೆಂದು ಅವರಿಗೆ ಆಸೆ, ಆದರೆ ಈ ಕಡೆ ಬಸುರಿಯಾಗಲು ಲೇಸಿಗೆ ಹೆದರಿಕೆ. ವೇಡನ ಕೆಲಸ ಇರುವುದು ಈ ಕೌಂಟಿಯಲ್ಲಿ, ಅವಳ ಶಾಲೆ ಇರುವುದು ಈ ಕಡೆ. ಹಾಗಾಗಿ ಅವರು ಆಚೆ ಬದಿಯಲ್ಲಿ, ನನ್ನ ಅಂಗಡಿಯಿಂದ ಕೂಗಿದರೆ ಕೇಳುವಷ್ಟು ದೂರದ ಒಂದು ಬಾಡಿಗೆ ಮನೆ ಹಿಡಿದರು. ಹಳೆಯ ಮನೆಯಿಂದ ಅಷ್ಟು ಹತ್ತಿರಕ್ಕೆ ಲಾರಿ ಯಾಕೆಂದು ಸಾಮಾನನ್ನು ಕೈಯಲ್ಲೇ ಹೊತ್ತು ಸಾಗಿಸಲು ತೀರ್ಮಾನಿಸಿದರು.

ಶನಿವಾರವಾದ್ದರಿಂದ ಚರ್ಚಿನವರೆಲ್ಲ ಬಂದರು. ನಾನು ಮಂಚದ ಬಿಡಿಭಾಗ ಹೊತ್ತೆ. ಡ್ವೈಟ್ ಒಂದು ದಿಂಬು ಹೊತ್ತ. ಇಮೋಜೀನ್ ಎಲ್ಲರಿಗೂ ಕೇಕು ತಂದಿದ್ದಳು, ನಿಜವಾದ ಕೇಕು. ಕ್ಲೈಡ್ ಸೋಫಾದ ಒಂದು ತುದಿ ಹಿಡಿದು, ಒಳ್ಳೆಯ ಕುಟುಂಬವೊಂದು ಕೌಂಟಿ ಬಿಟ್ಟು ಹೋಗುತ್ತಿರುವುದು ಬೇಸರದ ಸಂಗತಿ ಎಂದು ಏದುಸಿರಿನಲ್ಲಿ ಹೇಳಿದ. ಯಾಕೆ ಹೋಗುತ್ತಿದ್ದಾರೆಂದು ಅವನು ಕೇಳಲಿಲ್ಲ. ನಾವೂ ಹೇಳಲಿಲ್ಲ, ಸೋಫಾ ಭಾರವಾಗಿತ್ತು.

ತೊಟ್ಟಿಲನ್ನು ಹಾಲಿಸ್ ಹೊತ್ತುಕೊಂಡ. ದೀಪದ ಕಂಬದ ಗುಂಡಿ ಒತ್ತಿದರೆ ಅದು ನಮಗೆ ಕೊಡುತ್ತಿದ್ದ ಸಮಯ ಒಂದು ಮೇಜು ದಾಟಿಸಲೂ ಸಾಲುತ್ತಿರಲಿಲ್ಲ. ಹಾಗಾಗಿ ಓಲೀಟಾ ಬರಿಗೈಯಲ್ಲೇ ರಸ್ತೆಯ ನಡುವೆ ಹೋಗಿ ನಿಂತಳು. ಎರಡೂ ಕಡೆ ಗಾಡಿಗಳು ನಿಂತವು. ಯಾರೋ ಹಾರ್ನ್ ಮಾಡಿದರು.

"ನಿಮ್ಮಮ್ಮ ಹೆಂಗಿದಾಳೋ?" ಎಂದು ಅವಳು ಆ ಕಡೆ ತಿರುಗಿ ಕೇಳಿದಳು. ಹಾರ್ನ್ ನಿಂತಿತು. ಹಾಲಿಸನ ಕಡೆ ನೋಡಿ, "ತೊಟ್ಟಿಲು ಓರೆ ಆಗ್ತಿದೆ, ನೆಟ್ಟಗೆ ಹಿಡ್ಕೋ. ನಿಧಾನವಾಗಿ ಬಾ, ಗಾಡಿ ನಾನು ನಿಲ್ಲಿಸಿದ್ದೀನಿ," ಎಂದಳು.